ಮರದಿಂದ ಮರಕ್ಕೆ ಮೂವತ್ತಡಿ

ಮೇಷ್ಟ್ರ ಬಗ್ಗೆ ಬರೆಯುತ್ತೇನೆ ಎಂದಾಗ ಅವ್ವ ಒಂದೇ ಮಾತು ಹೇಳಿದಳು. "ಹೆಸ್ರು ಮಾತ್ರ ಹಾಕ್ಬ್ಯಾಡ ಕಣೇ. ಓದ್ದೋರು ಆಡ್ಕಂತಾರೆ." ಅವ್ವನ ಮಾತನ್ನು ನಾನು ಎಲ್ಲದಕ್ಕೂ ಕೇಳುವವಳಲ್ಲ, ಇದೊಂದನ್ನು ಕೇಳಿದ್ದೇನೆ. ತೊಂಬತ್ತರ ದಶಕದಲ್ಲಿ ತಿಪಟೂರಿನಲ್ಲಿ ಹೈಸ್ಕೂಲು ಓದಿದ ಕೆಲವರಿಗೆ ಇವರು ಯಾರೆಂದು ಎರಡನೇ ಪ್ಯಾರಾಕ್ಕೇ ಗೊತ್ತಾಗಿಬಿಡುತ್ತದೆ. ಗೊತ್ತಾದವರು ಸುಮ್ಮನಿದ್ದರೆ ಸಾಕು.

ಅವರು ನಮ್ಮ ಗಣಿತದ ಮೇಷ್ಟ್ರು. ಬೀಜಗಣಿತವನ್ನು ಕ್ಲಾಸಿನೊಳಗೇ ಕಷಾಯ ಕುಡಿಸಿದ ಹಾಗೆ ಕುಡಿಸಿ ಮುಗಿಸುತ್ತಿದ್ದರು. ರೇಖಾಗಣಿತ ಶುರುವಾಯಿತೆಂದರೆ ಮನುಷ್ಯನೇ ಬೇರೆ. ಬಾಗಿಲ ಸಂದಿಯಿಂದ ಕೊಡೆ ತೆಗೆದುಕೊಂಡು, "ಏಳ್ರಪ್ಪ, ಊರು ಓದ್ಕೊಂಡು ಬರೋಣ" ಎನ್ನುತ್ತಿದ್ದರು. ನಲವತ್ತು ಚಿಲ್ಲರೆ ಮಕ್ಕಳು ಎರಡು ಸಾಲಾಗಿ ಹೊರಡುತ್ತಿದ್ದೆವು. ಮುಂದೆ ಮೇಷ್ಟ್ರು, ಹಿಂದೆ ನೀರಿನ ಬಿಂದಿಗೆ ಹೊತ್ತ ನಮ್ಮವ್ವ ಗಂಗಮ್ಮ. ಅಪ್ಪ ಅದೇ ಶಾಲೆಯಲ್ಲಿ ಜವಾನನಾಗಿದ್ದ. ಅವನು ತೀರಿಕೊಂಡ ಮೇಲೆ ಆ ಕೆಲಸ ಅವ್ವನಿಗೆ ಬಂದಿತ್ತು. ಗಂಟೆ ಹೊಡೆಯುವುದು, ಕೋಣೆಗಳ ಬೀಗ ತೆಗೆಯುವುದು, ಟೀ ತರುವುದು, ಮೇಷ್ಟ್ರು ಊರು ಓದಲು ಹೊರಟರೆ ಬಿಂದಿಗೆ ಹೊರುವುದು. ನನಗೆ ಆಗ ನಾಚಿಕೆಯಾಗುತ್ತಿತ್ತು. ಸಾಲಿನ ತುದಿಗೆ ಹೋಗದೆ ನಡುವೆ ಎಲ್ಲೋ ಸೇರಿಕೊಂಡು ನಡೆಯುತ್ತಿದ್ದೆ.

ರೈಲ್ವೆ ಗೇಟಿನ ಹತ್ತಿರ ನಿಲ್ಲಿಸಿ ಹಳಿ ತೋರಿಸುತ್ತಿದ್ದರು. "ಇವೆರಡೂ ಸಮಾಂತರ. ಎಲ್ಲಾದ್ರೂ ಸೇರಿದ್ರೆ ಏನಾಗ್ತದೆ?"

"ರೈಲು ಬೀಳ್ತದೆ ಸಾರ್."

"ಅಷ್ಟೇ. ಅದಕ್ಕೇ ಸೇರಲ್ಲ. ಬರ್ಕೊಳ್ಳಿ."

ಹಳಿಯನ್ನು ಓರೆಯಾಗಿ ದಾಟುವ ರಸ್ತೆ ಛೇದಕ ರೇಖೆ. ಅನುರೂಪ ಕೋನ, ಪರ್ಯಾಯ ಕೋನಗಳನ್ನು ನಾವು ಕಲಿತದ್ದು ಗೇಟು ಬಿದ್ದು ನಿಂತ ಕೊಬ್ಬರಿ ಲಾರಿಗಳ ಹಾರನ್ನಿನ ನಡುವೆ. ಆಮೇಲೆ ಹಳೇ ಪೇಟೆಗೆ ಕರೆದೊಯ್ದು ಸೊಟ್ಟ ಬೀದಿಗಳನ್ನು ತೋರಿಸಿ, ಅಲ್ಲಿಂದ ಕೊಬ್ಬರಿ ಮಾರುಕಟ್ಟೆಯ ನೆಟ್ಟಗಿನ ರಸ್ತೆಗಳಿಗೆ ತಂದು ನಿಲ್ಲಿಸಿ, ಇದು ಹೀಗೇಕೆ ಅದು ಹಾಗೇಕೆ ಎಂದು ಕೇಳುತ್ತಿದ್ದರು. ಉತ್ತರ ಅವರೇ ಹೇಳಬೇಕಿತ್ತು. "ಪೇಟೇಲಿ ಮೊದಲು ಜನ ಬಂದ್ರು, ಆಮೇಲೆ ರಸ್ತೆ ಬಂತು. ಇಲ್ಲಿ ಮೊದಲು ರಸ್ತೆ ಬಂತು, ಆಮೇಲೆ ಜನ ಬಂದ್ರು. ಊರು ಕಟ್ಟೋನು ಮೊದಲು ಗೆರೆ ಹಾಕ್ಬೇಕು ಕಣ್ರೋ. ಗೆರೆ ಹಾಕದೇ ಗೋಡೆ ಎಬ್ಬಿಸಿದ್ರೆ ಮೊಮ್ಮಕ್ಕಳ ಕಾಲಕ್ಕೆ ಹೆಣ ಎತ್ಕೊಂಡು ಹೋಗೋಕೂ ಜಾಗ ಇರಲ್ಲ." ಅಂಗಡಿಯವರು ಕೇಳಿಸಿಕೊಂಡು ನಗುತ್ತಿದ್ದರು. ಮೇಷ್ಟ್ರಿಗೆ ಅದರ ಪರಿವೆ ಇರುತ್ತಿರಲಿಲ್ಲ.

ನಡೆಯುವಾಗ ಮೂಲೆ ಬಂದರೆ ಅವರು ಬಾಗುತ್ತಿರಲಿಲ್ಲ, ತಿರುಗುತ್ತಿದ್ದರು. ನೇರ ಹೋಗಿ, ನಿಂತು, ತೊಂಬತ್ತು ಡಿಗ್ರಿ ತಿರುಗಿ, ಮತ್ತೆ ನೇರ. ನಾವೆಲ್ಲ ಶಾಲೆಯ ಮೈದಾನವನ್ನು ಅಡ್ಡ ಹಾಯ್ದು ಬಂದರೆ ಅವರು ಎರಡು ಬದಿ ಸುತ್ತಿಕೊಂಡೇ ಬರುವವರು. ಅಡ್ಡ ಬಂದ ಹುಡುಗನನ್ನು ಹಿಡಿದು, "ನೀನೀಗ ನಡ್ಕೊಂಡು ಬಂದಿದ್ದು ಕರ್ಣ. ಕರ್ಣ ಅಂದ್ರೆ ಕಳ್ಳದಾರಿ ಕಣಪ್ಪ, ಎಷ್ಟು ಉಳಿಸ್ದೆ ಹೇಳು" ಎಂದು ಲೆಕ್ಕ ಕೊಡುತ್ತಿದ್ದರು. ಹುಡುಗರು ಅವರಿಗೆ ಮೂಲೆಮಟ್ಟ ಎಂದು ಹೆಸರಿಟ್ಟಿದ್ದರು. ಗಾರೆ ಕೆಲಸದವರು ಗೋಡೆಯ ಮೂಲೆ ನೋಡಲು ಇಟ್ಟುಕೊಳ್ಳುವ ಸಾಮಾನು ಅದು. ಗೊತ್ತಾದಾಗ ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ಒಳಗೊಳಗೇ ಖುಷಿಯೇ ಆಗಿತ್ತೆಂದು ನನ್ನ ಗುಮಾನಿ.

ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಲು ಅವರಿಗೆ ಸಂಕೋಚವಿರಲಿಲ್ಲ. ಚಿಕ್ಕನಾಯಕನಹಳ್ಳಿ ಕಡೆಯ ಒಂದು ಕುರಿಗಾರರ ಹಟ್ಟಿಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗನೊಬ್ಬ ನಮ್ಮ ಕ್ಲಾಸಿನಲ್ಲಿದ್ದ. ವೃತ್ತದ ಪಾಠದ ದಿನ ಮೇಷ್ಟ್ರು ಅವನನ್ನು ಎಬ್ಬಿಸಿ, ಕುರಿ ರೊಪ್ಪವನ್ನು ಗುಂಡಗೆ ಯಾಕೆ ಕಟ್ಟುತ್ತಾರೆ ಎಂದು ಕೇಳಿದರು. ಅದೇ ಉದ್ದದ ಬೇಲಿಯಲ್ಲಿ ಹೆಚ್ಚು ಜಾಗ ಸಿಗುವುದು ವೃತ್ತದಲ್ಲಿ ಎಂಬ ಉತ್ತರ ಅವರ ಬಾಯಲ್ಲಿ ಸಿದ್ಧವಾಗಿತ್ತು. ಹುಡುಗ, "ಮೂಲೆ ಇದ್ರೆ ಮರಿ ಸಿಕ್ಕಾಕಂತವೆ ಸಾರ್. ತ್ವಾಳ ಬಂದಾಗ ಎಲ್ಲಾ ಮೂಲೇಗೆ ನುಗ್ತವೆ, ಅಡೀಲಿರೋ ಮರಿ ಉಸ್ರು ಕಟ್ಟಿ ಸಾಯ್ತವೆ" ಅಂದ. ಮೇಷ್ಟ್ರು ತಮ್ಮ ಉತ್ತರವನ್ನು ಹೇಳದೆ, ಅವನದನ್ನೇ ಬೋರ್ಡಿನ ಮೇಲೆ ಬರೆದು, ಕೆಳಗೆ ಅವನ ಹೆಸರು ಹಾಕಿದರು.

ಅವರ ಬಾಯಲ್ಲಿ ದಿನಕ್ಕೆ ನಾಲ್ಕು ಸಲವಾದರೂ ಬರುತ್ತಿದ್ದ ಗಾದೆ, ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂಬುದು. ಎರಡು ಗೆರೆ ಸಮ ಕಂಡರೆ ಅಳೆ. ಕೋನ ಲಂಬವೆಂದು ಕಂಡರೆ ಅಳೆ. ಇಷ್ಟು ಹೇಳುತ್ತಿದ್ದ ಮನುಷ್ಯ ಒಂದು ಕಡೆ ಒಂದೇ ಸಲ ಅಳೆದು ಸುಮ್ಮನಾದರು. ನಮ್ಮವ್ವನಿಗೆ ಮನೆ ಇಲ್ಲದೆ ಹೋದದ್ದು ಹಾಗೆ.

ಊರು ಆಗ ಹಾಸನದ ರಸ್ತೆಯ ಕಡೆಗೆ ಬೆಳೆಯುತ್ತಿತ್ತು. ಅಲ್ಲಿ ಒಬ್ಬರು ತಮ್ಮ ಹಳೇ ತೆಂಗಿನ ತೋಟವನ್ನು ಕಡಿಸಿ ಸೈಟು ಮಾಡಿ ಮಾರಲು ಹೊರಟರು. ನುಸಿಪೀಡೆ, ಮುಪ್ಪು, ಎಂಥದ್ದೋ ಕಾರಣ. ತೋಟದ ತುಂಬ ಗಿಡಗಂಟಿ ಬೆಳೆದು ಅರ್ಧ ಮರ ಬಿದ್ದಿದ್ದವು. ಅವರ ಮಗ ನಮ್ಮ ಶಾಲೆಯಲ್ಲಿದ್ದ. ಎಂಜಿನಿಯರು ಯಾಕೆ, ನೀವೇ ಒಂದು ಪ್ಲಾನು ಹಾಕಿಕೊಡಿ ಎಂದು ಮೇಷ್ಟ್ರ ಮನೆಗೆ ಬಂದು ಕೇಳಿದರು. ಇಷ್ಟು ವರ್ಷ ಊರು ಓದಿಸಿದವರಿಗೆ ಊರು ಬರೆಯುವ ಅವಕಾಶ. ಮೇಷ್ಟ್ರು ಆ ವಾರವೆಲ್ಲ ಕ್ಲಾಸಿನಲ್ಲಿ ಗೆಲುವಾಗಿದ್ದರು.

ತೋಟಕ್ಕೆ ಹೋಗಿ ಬದುವಿನ ಮೇಲೆ ನಿಂತು ಸಾಲು ಎಣಿಸಿದರು. ಒಂಬತ್ತು ಸಾಲು, ನಡುವೆ ಎಂಟು ಸಂದು. "ನಮ್ಮಪ್ಪ ನೆಟ್ಟಿದ್ದು ಸಾರ್, ಮರದಿಂದ ಮರಕ್ಕೆ ಮೂವತ್ತಡಿ. ಒಂದಿಂಚು ಆಕಡೆ ಈಕಡೆ ಇಲ್ಲ" ಎಂದರು ಯಜಮಾನರು. ತೆಂಗಿನ ಸೀಮೆಯಲ್ಲಿ ಈ ಮಾತನ್ನು ಯಾರೂ ಅಳೆದು ನೋಡುವುದಿಲ್ಲ, ಹುಟ್ಟಿದಾಗಿನಿಂದ ಕೇಳಿರುತ್ತೇವೆ. ಮೇಷ್ಟ್ರು ಆದರೂ ಅಳೆದರು. ಒಂದು ಮರದಿಂದ ಪಕ್ಕದ ಸಾಲಿನ ಹತ್ತಿರದ ಮರಕ್ಕೆ ಟೇಪು ಹಿಡಿದರು. ಸರಿಯಾಗಿ ಮೂವತ್ತು. ಖುಷಿಯಾಗಿ ಮನೆಗೆ ಬಂದು ಎಂಟು ಮೂವತ್ತಲ ಇನ್ನೂರ ನಲವತ್ತು ಎಂದು ಗ್ರಾಫ್ ಹಾಳೆಯ ಮೇಲೆ ಎಂಟು ಸೈಟು ಬರೆದರು, ಎದುರಿಗೆ ರಸ್ತೆ, ಚರಂಡಿ, ಎಲ್ಲ ನೆಟ್ಟಗೆ. ಯಜಮಾನರು ಉಪಕಾರಕ್ಕೆ ಒಂದು ಸೈಟನ್ನು ಅವರಿಗೇ ಬಿಡುತ್ತೇನೆಂದರೆ, "ಪಾಠ ಹೇಳಿದ್ದಕ್ಕೆ ಸೈಟು ತಗೋತಾರೇನ್ರೀ" ಎಂದು ನಕ್ಕುಬಿಟ್ಟರು. ಅದರ ಬದಲು ನಮ್ಮವ್ವನನ್ನು ಕರೆದು, ಅಪ್ಪ ತೀರಿಕೊಂಡಾಗ ಬಂದ ದುಡ್ಡು ಹೇಗೂ ಇದೆಯಲ್ಲ, ಒಂದು ಸೈಟು ಹಿಡಿ ಎಂದರು. "ಎಂಟನೇದು ತಗೊಳ್ಳಮ್ಮ. ಕೊನೇದು, ಆಚೆ ಬರೀ ತೋಟ. ಎರಡು ಕಡೆ ಗಾಳಿ ಬರ್ತದೆ." ಅವ್ವ ತೆಗೆದುಕೊಂಡಳು. ರಿಜಿಸ್ಟ್ರಾಯಿತು. ಮರ ಕಡಿದರು, ಬೊಡ್ಡೆ ಕಿತ್ತರು. ಹೆದ್ದಾರಿಯ ಕಡೆಯಿಂದ ಒಬ್ಬೊಬ್ಬರೇ ತಮ್ಮ ತಮ್ಮ ಮೂವತ್ತಡಿಯನ್ನು ಅಳೆದುಕೊಂಡು ಕಲ್ಲು ನೆಟ್ಟರು, ಇಬ್ಬರು ಮೂವರು ಪಾಯವನ್ನೂ ಎಬ್ಬಿಸಿದರು. ಅವ್ವ ಆಮೇಲೆ ನೆಟ್ಟರಾಯಿತು ಎಂದು ಬಿಟ್ಟಿದ್ದಳು.

ನಾನು ಹತ್ತನೇ ಕ್ಲಾಸಿಗೆ ಬಂದಿದ್ದೆ. ಒಂದು ದಿನ ಬೆಳಿಗ್ಗೆ ಮೇಷ್ಟ್ರು ಸಮಬಾಹು ತ್ರಿಭುಜದ ಎತ್ತರ ಕಂಡುಹಿಡಿಯುವುದನ್ನು ಹೇಳಿಕೊಟ್ಟರು. ಬಾಹು ಮೂವತ್ತಾದರೆ ಎತ್ತರ ಹೆಚ್ಚುಕಡಿಮೆ ಇಪ್ಪತ್ತಾರು. ಅವರ ಎಲ್ಲ ಉದಾಹರಣೆಗಳಲ್ಲೂ ಬಾಹು ಮೂವತ್ತೇ ಇರುತ್ತಿತ್ತು, ನಮ್ಮ ಸೀಮೆಯ ಸಂಖ್ಯೆ ಎನ್ನುತ್ತಿದ್ದರು. ಮಧ್ಯಾಹ್ನ ನಮ್ಮನ್ನೆಲ್ಲ ಆ ಹೊಸ ಬಡಾವಣೆಗೆ ಕರೆದುಕೊಂಡು ಹೋದರು. ತಾವು ಬರೆದ ಊರನ್ನು ನಮಗೆ ತೋರಿಸುವ ಆಸೆ. ನೂರಡಿ ಟೇಪಿನ ಬಿಡಿ ತುದಿಯನ್ನು ಒಬ್ಬ ಹುಡುಗನಿಗೆ ಕೊಟ್ಟು ಹೆದ್ದಾರಿಯ ಅಂಚಿನಲ್ಲಿ ನಿಲ್ಲಿಸಿ, ಸುರುಳಿಯನ್ನು ನನ್ನ ಕೈಗೆ ಕೊಟ್ಟರು. ಅಲ್ಲಿಂದ ಪಕ್ಕದ ತೋಟದ ಬೇಲಿಯವರೆಗೆ ಇನ್ನೂರ ನಲವತ್ತು ಬರಬೇಕು. ಒಂದು ನೂರು ಆಯಿತು, ಎರಡು ನೂರು ಆಯಿತು. ಮೂರನೇ ಸಲ ಸುರುಳಿ ಬಿಚ್ಚುತ್ತ ಎರಡು ಮೂರು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಬೇಲಿ ಬಂದುಬಿಟ್ಟಿತು.

"ಎಂಟು ಸಾರ್" ಅಂದೆ.

"ಏನು ಎಂಟು? ಸರಿಯಾಗಿ ನೋಡಮ್ಮ."

"ಎಂಟಡಿ ಸಾರ್. ಇನ್ನೂರ ಎಂಟು."

ಮತ್ತೆ ಅಳೆಸಿದರು. ಮೂರನೇ ಸಲ ತಾವೇ ಅಳೆದರು. ಹುಡುಗರು ಪಿಸುಪಿಸು ನಗುತ್ತಿದ್ದರು. ಮೇಷ್ಟ್ರು ಬೇಲಿಯಾಚೆಗಿನ ತೋಟವನ್ನು ನೋಡಿದರು. ಅದನ್ನು ನೆಟ್ಟವನೂ ಈ ಯಜಮಾನರ ತಂದೆಯೇ, ಹಿಂದೆ ಎರಡೂ ಒಂದೇ ತೋಟವಂತೆ. ಅಲ್ಲಿ ಮರಗಳು ಚೌಕಕ್ಕೆ ಇರಲಿಲ್ಲ. ಒಂದು ಸಾಲಿನ ಎರಡು ಮರಗಳ ನಡುವಿನ ಜಾಗಕ್ಕೆ ಎದುರಾಗಿ ಮುಂದಿನ ಸಾಲಿನ ಮರ, ಹಾಗೇ ಓರೆ ಓರೆಯಾಗಿ, ತೋಟದ ಉದ್ದಕ್ಕೂ ಬರೀ ಸಮಬಾಹು ತ್ರಿಭುಜ. ಮರದಿಂದ ಮರಕ್ಕೆ ಮೂವತ್ತಡಿ ಎಂಬುದು ಸುಳ್ಳಾಗಿರಲಿಲ್ಲ. ಸಾಲಿನಿಂದ ಸಾಲಿಗೆ ಇದ್ದದ್ದು ಇಪ್ಪತ್ತಾರು. ಎಂಟು ಇಪ್ಪತ್ತಾರಲ ಇನ್ನೂರ ಎಂಟು. ಅವರು ಅವತ್ತು ಟೇಪು ಹಿಡಿದದ್ದು ತ್ರಿಭುಜದ ಓರೆ ಬಾಹುವಿನ ಮೇಲೆ. ಬೆಳಿಗ್ಗೆ ಅವರೇ ಬರೆದ ಲೆಕ್ಕ ಬೋರ್ಡಿನ ಮೇಲೆ ಇನ್ನೂ ಹಾಗೇ ಇತ್ತು.

ನಮಗಿಂತ ಮುಂದಿನ ಏಳು ಜನರಲ್ಲಿ ಆರು ಜನ ಮೂವತ್ತು ಮೂವತ್ತರಂತೆ ನೂರ ಎಂಬತ್ತಡಿಗೆ ಕಲ್ಲು ನೆಟ್ಟಾಗಿತ್ತು. ಅಂದರೆ ಇನ್ನೂ ನೆಡದಿದ್ದ ಏಳನೆಯವನ ಕಲ್ಲೇ ಎರಡಡಿ ಬೇಲಿಯಾಚೆ ಬೀಳುತ್ತಿತ್ತು. ಎಂಟನೆಯ ಸೈಟು, ನಮ್ಮದು, ಭೂಮಿಯ ಮೇಲೆ ಇರಲೇ ಇಲ್ಲ. ನಾನು ಲೆಕ್ಕದಲ್ಲಿ ಚುರುಕಾಗಿದ್ದೆ, ಅಲ್ಲೇ ನಿಂತು ಲೆಕ್ಕ ಹಾಕಿದೆ. ಆ ಚುರುಕುತನವನ್ನು ಆಮೇಲೆ ಎಷ್ಟು ಸಲ ಬೈದುಕೊಂಡಿದ್ದೇನೋ. ಮೇಷ್ಟ್ರು ಒಂದು ಕಲ್ಲಿನ ಮೇಲೆ ಕುಳಿತುಬಿಟ್ಟರು. ಅವ್ವ ಬಿಂದಿಗೆಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವರ ಕೈಗೆ ಕೊಟ್ಟು, "ಬಿಸ್ಲು ಜಾಸ್ತಿ ಆತು ಸಾರ್, ಕುಡೀರಿ" ಅಂದಳು. ಅವಳಿಗೆ ಇನ್ನೂ ಗೊತ್ತಿರಲಿಲ್ಲ.

ಆಮೇಲಿನ ಒಂದು ವರ್ಷ ಮೇಷ್ಟ್ರು ಮಾಡದ ಪ್ರಯತ್ನವಿಲ್ಲ. ಯಜಮಾನರ ಹತ್ತಿರ ಹೋಗಿ, ಬೇರೆ ಸೈಟು ಕೊಡಿ, ಇಲ್ಲ ದುಡ್ಡು ವಾಪಸು ಕೊಡಿ ಎಂದು ಕೇಳಿದರು. "ಪ್ಲಾನು ಹಾಕ್ದೋರು ನೀವು. ನಾನೇನು ಓದಿದೋನಾ? ಅವತ್ತು ನಿಮ್ಗೇ ಒಂದು ಬುಡ್ತೀನಿ ಅಂದೆ, ಬ್ಯಾಡ ಅಂದ್ರಿ, ಅದೂ ಮಾರಿ ಹೋಯ್ತು" ಎಂದರು ಅವರು. ಅವತ್ತು ತಗೊಂಡಿದ್ದರೆ ಇವತ್ತು ಗಂಗಮ್ಮನಿಗೆ ಕೊಡಬಹುದಿತ್ತು ಎಂದು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಕಂಡಕಂಡವರಿಗೆಲ್ಲ ಹೇಳುತ್ತಿದ್ದರಂತೆ. ವಕೀಲರೊಬ್ಬರನ್ನು ಕೇಳಿದ್ದಕ್ಕೆ, ಕೇಸು ಹಾಕಬಹುದು, ತೀರ್ಪು ಆಯಮ್ಮನ ಮಗಳು ಅಜ್ಜಿಯಾಗುವ ಹೊತ್ತಿಗೆ ಬಂದರೂ ಬರಬಹುದು ಎಂದರು.

ಕೊನೆಗೆ ಮೇಷ್ಟ್ರು ತಮಗೆ ಗೊತ್ತಿದ್ದ ದಾರಿ ಹಿಡಿದರು. ಏಳು ಜನರೂ ನಾಲ್ಕು ನಾಲ್ಕಡಿ ಬಿಟ್ಟರೆ ಎಂಟು ಜನಕ್ಕೂ ಸಮನಾಗಿ ಇಪ್ಪತ್ತಾರು ಬರುತ್ತದೆ. ಕಾಗದದ ಮೇಲೆ ಇಷ್ಟು ಚೆಂದದ ಪರಿಹಾರ ಇನ್ನೊಂದಿಲ್ಲ. ಒಂದು ಭಾನುವಾರ ನನ್ನನ್ನೂ ಕರೆದುಕೊಂಡು ಏಳು ಮನೆಗೆ ಹೋದರು. ಎಲ್ಲ ಕಡೆ ಕಾಫಿ ಕೊಟ್ಟರು. ಕಂಡಕ್ಟರೊಬ್ಬರು ಚಿತ್ರವನ್ನು ಚೆನ್ನಾಗಿ ನೋಡಿ, "ನಿಮ್ಮ ಲೆಕ್ಕ ಸರಿ ಸಾರ್. ಆದ್ರೆ ನಾಕಡಿ ಬುಟ್ರೆ ನಮ್ಮ ದೇವ್ರ ಮನೆ ಹೋಯ್ತದಲ್ಲ" ಅಂದರು. ಒಬ್ಬರು ಪಾಯ ತೋರಿಸಿದರು. ಇನ್ನೊಬ್ಬರು ಎಲ್ಲರೂ ಬಿಟ್ಟರೆ ತಾನೂ ಬಿಡುತ್ತೇನೆ ಎಂದರು. ಎಲ್ಲರೂ ಬಿಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಏಳನೆಯವನಂತೂ ತನ್ನ ಎರಡಡಿ ಎಲ್ಲಿ ಎಂದು ಮೇಷ್ಟ್ರ ಮೇಲೆಯೇ ಕೂಗಾಡಿದ. ವಾಪಸು ಬರುವಾಗ ಮೇಷ್ಟ್ರು ಯಾವ ಮೂಲೆಯಲ್ಲೂ ನಿಂತು ತಿರುಗಲಿಲ್ಲ. ಕಾಲು ಹೋದ ಹಾಗೆ ಬಂದರು.

ಅದರಾಚೆಗೆ ಅವರು ಮಕ್ಕಳನ್ನು ಊರು ಓದಲು ಕರೆದುಕೊಂಡು ಹೋಗಲಿಲ್ಲ. ರೇಖಾಗಣಿತವೂ ಕಷಾಯವಾಯಿತು. ಸಮಬಾಹು ತ್ರಿಭುಜದ ಎತ್ತರ ಬಂದರೆ, ಮನೆಯಲ್ಲಿ ಓದಿಕೊಳ್ಳಿ ಎಂದು ಪುಟ ತಿರುಗಿಸುತ್ತಿದ್ದರೆಂದು ನನಗಿಂತ ಚಿಕ್ಕವರು ಹೇಳಿದ್ದಾರೆ. ನನಗೆ ಅವರ ಮೇಲೆ ಸಿಟ್ಟಿತ್ತು. ಸುಳ್ಳೇಕೆ ಹೇಳಲಿ, ಈಗಲೂ ಇದೆ. ಬಾಡಿಗೆ ಮನೆ ಬದಲಾಯಿಸುವಾಗೆಲ್ಲ ಪಾತ್ರೆ ಪಗಡೆ ಹೊರುತ್ತ ಅವರನ್ನು ಮನಸ್ಸಿನಲ್ಲೇ ಬೈಯುತ್ತಿದ್ದೆ. ಎದುರಿಗೆ ಕಂಡರೆ ಮಾತ್ರ ಅವರ ಕೈಯ ಚೀಲ ಇಸಿದುಕೊಂಡು ಮನೆಯವರೆಗೂ ಬಿಟ್ಟು ಬರುತ್ತಿದ್ದೆ.

ಅವ್ವ ಅವರಿಗೆ ಒಂದು ಮಾತನ್ನೂ ಆಡಲಿಲ್ಲ. ಎಂದಿನಂತೆ ಗಂಟೆ ಹೊಡೆದಳು, ಟೀ ತಂದಿಟ್ಟಳು. ಮೇಷ್ಟ್ರಿಗೆ ಅದೇ ತಡೆಯಲಾಗುತ್ತಿರಲಿಲ್ಲ. ಒಮ್ಮೆ ಶಾಲೆ ಬಿಟ್ಟ ಮೇಲೆ, ಅವ್ವ ಕೋಣೆಗಳಿಗೆ ಬೀಗ ಹಾಕುತ್ತಿದ್ದಾಗ, ನನ್ನೆದುರಿಗೇ ಅವಳನ್ನು ಕೇಳಿದರು. "ಗಂಗಮ್ಮ, ಒಂದ್ಸಲ ಬೈದುಬಿಡಮ್ಮ. ನಿನ್ನ ಬಾಯಿಗೆ ಬಂದಂಗೆ ಬೈದುಬಿಡು. ನಾನು ಮನೆಗೆ ಹೋಗಿ ಊಟ ಮಾಡ್ತೀನಿ."

"ಏನ್ ಸಾರ್ ನೀವು. ನನ್ನ ಮಗಳಿಗೆ ಅಕ್ಷರ ಹೇಳ್ದೋರು. ನಿಮ್ಮನ್ನ ಬೈಯ್ಯಾಕೆ ನಂಗೆ ಬಾಯಿ ಬತ್ತದಾ?"

ಅವರು ನಿವೃತ್ತರಾಗುವವರೆಗೂ ವರ್ಷಕ್ಕೆ ಒಂದೆರಡು ಸಲ ಕೇಳುತ್ತಿದ್ದರಂತೆ. ಅವ್ವ ವರ್ಷಕ್ಕೆ ಒಂದೆರಡು ಸಲ ಅದೇ ಉತ್ತರ ಕೊಡುತ್ತಿದ್ದಳು.

ನಿವೃತ್ತರಾಗಿ ಅರಳಗುಪ್ಪೆ ಕಡೆಯ ತಮ್ಮ ಊರಿಗೆ ಹೋದ ಮೇಲೆ ಒಮ್ಮೆ ನಮ್ಮ ಬಾಡಿಗೆ ಮನೆಗೆ ಬಂದರು. ಕಂಕುಳಲ್ಲಿ ಸುರುಳಿ ಸುತ್ತಿದ ಹಾಳೆ. ಬಿಚ್ಚಿ ನೆಲದ ಮೇಲೆ ಹಾಸಿ ನಾಲ್ಕು ಮೂಲೆಗೆ ಲೋಟ ಇಟ್ಟರು. ಇಪ್ಪತ್ತಾರಡಿ ಸೈಟಿಗೆ ಮನೆಯ ಪ್ಲಾನು. ಅಡುಗೆ ಮನೆ, ಬಚ್ಚಲು, ನನಗೊಂದು ಓದುವ ಕೋಣೆ. ನಾನು ಆಗ ಮದುವೆಯಾಗಿ ಹೆರಿಗೆಗೆ ಬಂದಿದ್ದೆ. "ಇಪ್ಪತ್ತಾರರಲ್ಲೂ ಎಲ್ಲಾ ಹಿಡಿಸ್ತದೆ ಗಂಗಮ್ಮ, ನೋಡು. ನಾನು ಮೂರು ತಿಂಗಳಿಂದ ಮಾಡ್ತಾ ಇದೀನಿ" ಅಂದರು. ಇಲ್ಲದ ಸೈಟಿನಲ್ಲಿ ಮನೆ. ನನಗೆ ಎದ್ದು ಹೋಗಬೇಕೆನಿಸಿತು. ಅವ್ವ ಮಾತ್ರ ಹಾಳೆಯ ಮುಂದೆ ಮಂಡಿಯೂರಿ ಕುಳಿತು, ಬಹಳ ಹೊತ್ತು ನೋಡಿ, "ಬಾಗ್ಲು ಎಲ್ಲಿ ಬತ್ತದೆ ಸಾರ್?" ಅಂದಳು. ಅವರು ಪೆನ್ಸಿಲ್ಲಿನಲ್ಲಿ ತೋರಿಸಿದರು. "ಪೂರ್ವಕ್ಕಾ? ಸರಿ ಬುಡಿ. ರಾಗಿ ಚೀಲ ಇಡಾಕೆ?" ಅಂದಳು. ಅವರು ಅದನ್ನೂ ತೋರಿಸಿದರು. ಒಂದು ಗಂಟೆ ಇಬ್ಬರೂ ಆ ಮನೆಯೊಳಗೆ ಓಡಾಡಿದರು. ಹೊರಡುವಾಗ ಮೇಷ್ಟ್ರು ಹಾಳೆಯನ್ನು ಬಿಟ್ಟು ಹೋಗಲೋ ತೆಗೆದುಕೊಂಡು ಹೋಗಲೋ ಎಂದು ತಿಳಿಯದೆ ನಿಂತರು. ಅವ್ವ ಅದನ್ನು ಸುತ್ತಿ ಅಟ್ಟದ ಮೇಲಿಟ್ಟಳು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಊರಲ್ಲೇ ಇದ್ದೆ. ಅವ್ವ, ನಾನು ಮೊದಲ ಬಸ್ಸಿಗೇ ಹೋದೆವು. ಹಟ್ಟಿಯಿಂದ ಬಂದಿದ್ದ ಆ ಹುಡುಗನೂ, ಈಗ ಅವನೂ ಮೇಷ್ಟ್ರೇ, ಚಪ್ಪರದ ಹೊರಗೆ ನಿಂತಿದ್ದ. ಮನೆಯ ಮುಂದೆ ಚಾಪೆಯ ಮೇಲೆ ಮಲಗಿಸಿದ್ದರು. ಹೆಂಗಸರು ಸುತ್ತ ಕುಳಿತು ಅಳುತ್ತಿದ್ದರು. ನಮ್ಮ ಕಡೆ ಸತ್ತವರ ಮುಂದೆ ಬರೀ ಅಳುವುದಿಲ್ಲ, ಅವರನ್ನು ಮಾತಾಡಿಸಿಕೊಂಡು, ಆಡಿಕೊಂಡು ಅಳುತ್ತಾರೆ. ಆಗ ದೊಡ್ಡವರು ಚಿಕ್ಕವರು ಎಂಬುದಿಲ್ಲ, ಎಲ್ಲರೂ ಏಕವಚನ. ಅವ್ವ ಹೋಗಿ ತಲೆಯ ಹತ್ತಿರ ಕುಳಿತಳು. ಸೆರಗು ಸರಿಮಾಡಿಕೊಂಡು ಶುರುಮಾಡಿದಳು.

"ಊರೆಲ್ಲ ಅಳ್ದಲ್ಲೋ ಮೇಷ್ಟ್ರೇ, ನನ್ನ ಮನೆ ಒಂದ ಅಳೀದೇ ಹೋದ್ಯಲ್ಲೋ. ಟೇಪ ನೆಟ್ಟಗೆ ಹಿಡೀಬಾರ್ದಾಗಿತ್ತೇನೋ, ಓರೆಗೆ ಹಿಡ್ದಲ್ಲೋ. ಕೊಡ್ತೀನಿ ಅಂದ ಸೈಟ ಬ್ಯಾಡ ಅಂದಲ್ಲೋ, ನಿನ್ನ ದೊಡ್ಡಸ್ತಿಕೆ ಸುಡ. ಗಂಡ ಸತ್ತ ಮುಂಡೆ ನಾನು, ಅವ್ನು ಬುಟ್ಟೋದ್ದೆಲ್ಲಾನೂ ನೀನು ಹೇಳ್ದೆ ಅಂತ ಹಾಕ್ದೆ ಕಣೋ. ಬಾಡ್ಗೆ ಮನೆ ಬಾಗ್ಲಾಗೆ ಮಗಳಿಗೆ ಧಾರೆ ಎರೆದೆ ಕಣೋ."

ಸುತ್ತಲಿದ್ದ ಹೆಂಗಸರು ತಲೆದೂಗಿ ಜೊತೆಗೆ ಅತ್ತರು. ಮೇಷ್ಟ್ರ ಹೆಂಡತಿ ಅವ್ವನ ಭುಜ ಹಿಡಿದುಕೊಂಡರು. ಹಾಡಿಕೊಂಡು ಅಳುವ ಅಳು ಎಂದೇ ಎಲ್ಲರೂ ತಿಳಿದರು. ಅವ್ವ ನಿಲ್ಲಿಸಲಿಲ್ಲ. ಹತ್ತು ವರ್ಷಕ್ಕೂ ಮಿಕ್ಕಿದ ಬೈಗುಳ, ಒಂದೊಂದು ಬಾಡಿಗೆ ಮನೆಯ ಲೆಕ್ಕದಲ್ಲಿ, ಗಂಟಲು ಕಟ್ಟುವವರೆಗೂ ಬಂತು. ನಾನು ಅವಳನ್ನು ಎಬ್ಬಿಸಿ ಹೊರಗೆ ಕರೆದುಕೊಂಡು ಬಂದೆ. ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು, ಸೆರಗಿನಿಂದ ಒರೆಸಿಕೊಂಡು, ರಸ್ತೆಯವರೆಗೂ ನಡೆದಳು. ಬಸ್ಸು ಬರುವುದು ತಡವಿತ್ತು. ಕಟ್ಟೆಯ ಮೇಲೆ ಕುಳಿತ ಮೇಲೆ ಹೇಳಿದಳು.

"ಕೇಳ್ದಾಗ್ಲೇ ಒಂದ್ಸಲ ಬೈದಿದ್ರೆ ಆ ಮನುಸ್ಯ ಮನೆಗೋಗಿ ನೆಮ್ಮದಿಯಾಗಿ ಉಣ್ಣೋರು ಕಣೇ. ಮರ್ವಾದೆ ಮರ್ವಾದೆ ಅಂತ ನಾನು ಬೈಲೇ ಇಲ್ಲ."